90 ರೂಪಾಯಿಗೆ ಬಿಸಿ ರೊಟ್ಟಿ ಊಟ: ಸಪ್ತಾಪುರದ ಒಂದು ಖಾನಾವಳಿ

ಧಾರವಾಡಕ್ಕೆ ಓದಲು ಬಂದವರಿಗೆ ಎರಡೇ ಚಿಂತೆ. ರೂಮು ಎಲ್ಲಿ, ಊಟ ಎಲ್ಲಿ. ರೂಮಿನ ವಿಚಾರ ಅವರವರ ಅದೃಷ್ಟ. ಊಟಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇದೆ. ಸಪ್ತಾಪುರದ ಒಳರಸ್ತೆಯಲ್ಲಿ ಒಂದು ಲಿಂಗಾಯತ ಖಾನಾವಳಿ ಇದೆ. ಮಧ್ಯಾಹ್ನ 12.30ರ ಹೊತ್ತಿಗೆ ಹೋಗಿ, ಅಡುಗೆಮನೆ ಬಾಗಿಲ ಪಕ್ಕದ ಟೇಬಲ್ ಹಿಡಿದು, ರೊಟ್ಟಿ ಊಟ ಹೇಳಿ. 90 ರೂಪಾಯಿಗೆ ಈ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಊಟ ನಾನು ಉಂಡಿಲ್ಲ. ಅಗ್ಗದ ಊಟ ಅಂದ ಕೂಡಲೇ ಜನ "ಹೊಟ್ಟೆ ತುಂಬುತ್ತೆ ಬಿಡಿ" ಅಂತ ತಳ್ಳಿಹಾಕುತ್ತಾರೆ. ಇದು ಹಾಗೆ ತಳ್ಳಿಹಾಕುವ ಊಟ ಅಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾನು ತಿಪಟೂರು ಕಡೆಯವಳು. ಮುದ್ದೆ, ಸೊಪ್ಪಿನ ಸಾರು ಉಂಡು ಬೆಳೆದವಳು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪಿಎಚ್.ಡಿ.ಗೆ ಅಂತ ಇಲ್ಲಿಗೆ ಬಂದೆ. ಜೋಳದ ರೊಟ್ಟಿ ಅಂದರೆ ಆಗ ನನಗೆ ಗೊತ್ತಿದ್ದದ್ದು ಮದುವೆ ಮನೆಗಳ ಬಫೆಯಲ್ಲಿ ಇಡುವ, ಒಣಗಿ ಚಕ್ಕೆಯಾದ ರೊಟ್ಟಿ ಮಾತ್ರ. ಬಿಸಿ ರೊಟ್ಟಿ ಬೇರೆಯೇ ವಸ್ತು. ಹಂಚಿನಿಂದ ಇಳಿದ ಐದು ನಿಮಿಷದೊಳಗೆ ತಿಂದರೆ ಅದರ ರುಚಿ ಒಂದು, ಅರ್ಧ ಗಂಟೆ ಬಿಟ್ಟು ತಿಂದರೆ ಇನ್ನೊಂದು. ಈ ಖಾನಾವಳಿಯ ಹೆಚ್ಚುಗಾರಿಕೆ ಎಲ್ಲ ಇರುವುದು ಆ ಐದು ನಿಮಿಷದಲ್ಲಿ.

ಜಾಗ ಹುಡುಕುವುದು ಕಷ್ಟವಲ್ಲ, ಆದರೆ ಗುರುತು ಬೇಕು. ಬೋರ್ಡಿನ ಮೇಲೆ "ಲಿಂಗಾಯತ ಖಾನಾವಳಿ, ಶುದ್ಧ ಸಸ್ಯಾಹಾರಿ" ಅಂತ ಇದೆ, ಅಷ್ಟೇ. ಅಂಥ ಬೋರ್ಡು ಧಾರವಾಡದ ಓಣಿ ಓಣಿಯಲ್ಲೂ ಸಿಗುತ್ತದೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವವರು ಜ್ಯುಬಿಲಿ ಸರ್ಕಲ್‌ನಲ್ಲಿ ಇಳಿದು ಆಟೋ ಹಿಡಿಯಿರಿ. ಸಪ್ತಾಪುರಕ್ಕೆ ಬಂದ ಮೇಲೆ ಯಾವುದಾದರೂ ಝೆರಾಕ್ಸ್ ಅಂಗಡಿಯಲ್ಲಿ "ಅಕ್ಕಾರ ಖಾನಾವಳಿ" ಅಂತ ಕೇಳಿ. ಹೊರಗಿನಿಂದ ನೋಡಿದರೆ ಹಂಚಿನ ಮನೆ. ಕಟ್ಟೆಯ ಮೇಲೆ ಚಪ್ಪಲಿಗಳ ರಾಶಿ. ಪಡಸಾಲೆಯಲ್ಲಿ ಆರು ಟೇಬಲ್, ಒಳಗಿನ ಕೋಣೆಯಲ್ಲಿ ಮೂರು. ಗೋಡೆಯ ಮೇಲೆ ಬಸವಣ್ಣನವರ ಫೋಟೋ, ಒಂದು ಕ್ಯಾಲೆಂಡರ್, ಒಂದು ಗಡಿಯಾರ.

ಈ ಭಾಗದಲ್ಲಿ ಇಷ್ಟೊಂದು ಖಾನಾವಳಿಗಳು ಯಾಕೆ ಅಂತ ಹೊಸಬರು ಕೇಳುತ್ತಾರೆ. ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಹುಟ್ಟಿ, 1950ರಲ್ಲಿ ಧಾರವಾಡಕ್ಕೆ ಬಂತು. ಅಂದಿನಿಂದ ಸುತ್ತಲಿನ ಜಿಲ್ಲೆಗಳ ಮಕ್ಕಳು ಓದಿಗೆ ಇಲ್ಲಿಗೇ ಬರುತ್ತಾರೆ. ಈಗ ಅದರ ಜೊತೆಗೆ ಕೋಚಿಂಗ್ ಸೆಂಟರ್‌ಗಳು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಶಿಕ್ಷಕರ ನೇಮಕಾತಿ ಅಂತ ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು, ಕಲಬುರಗಿಯಿಂದ ಬಂದು ವರ್ಷಗಟ್ಟಲೆ ಓದುವವರು ಸಪ್ತಾಪುರದ ತುಂಬಾ ಇದ್ದಾರೆ. ಒಂದು ರೂಮಿಗೆ ಮೂರು ಜನ, ನಾಲ್ಕು ಜನ. ಅಲ್ಲಿ ಅಡುಗೆ ಮಾಡಲು ಜಾಗವೂ ಇಲ್ಲ, ಹೊತ್ತೂ ಇಲ್ಲ. ಮಧ್ಯಾಹ್ನ ಒಂದು ಗಂಟೆಗೆ ರೀಡಿಂಗ್ ರೂಮುಗಳು ಖಾಲಿಯಾದರೆ, ಅವರೆಲ್ಲ ಇಂಥ ಖಾನಾವಳಿಗಳ ಮುಂದೆ ನಿಂತಿರುತ್ತಾರೆ. 12.30ಕ್ಕೇ ಹೋಗಿ ಅಂದದ್ದು ಅದಕ್ಕೆ. ಒಂದೂಕಾಲಿಗೆ ಹೋದರೆ ಕಟ್ಟೆಯ ಮೇಲೆ ಇಪ್ಪತ್ತು ನಿಮಿಷ ಕಾಯಬೇಕು. ಅಲ್ಲಿ ಕಾಯುವಾಗ ಹುಡುಗರು ಒಬ್ಬರಿಗೊಬ್ಬರು ಸಂವಿಧಾನದ ಕಲಂ ಕೇಳಿಕೊಳ್ಳುವುದನ್ನು ಕೇಳಿದರೆ ನಮಗೂ ಎರಡು ಕಲಂ ಬಾಯಿಪಾಠ ಆಗುತ್ತವೆ.

ಈಗ ತಟ್ಟೆಗೆ ಬರೋಣ. ಸ್ಟೀಲ್ ತಟ್ಟೆ. ಮೊದಲು ಬರುವುದು ಹಸಿ ತರಕಾರಿ. ಎರಡು ಹೋಳು ಸವತಿಕಾಯಿ, ಉಳ್ಳಾಗಡ್ಡಿ, ಒಂದು ಹಿಡಿ ಹಸಿ ಮೆಂತ್ಯ ಸೊಪ್ಪು. ಕೆಲವು ತಿಂಗಳಲ್ಲಿ ಮೂಲಂಗಿ, ಗಜ್ಜರಿ. ಸಂತೆಯಲ್ಲಿ ಸಿಕ್ಕ ದಿನ ಹಕ್ಕರಕಿ. ಆಮೇಲೆ ಒಂದು ಚಮಚ ಶೇಂಗಾ ಚಟ್ನಿ, ಒಂದು ಚಮಚ ಗುರೆಳ್ಳು ಚಟ್ನಿ, ಪಕ್ಕದಲ್ಲಿ ಗಟ್ಟಿ ಮೊಸರು. ಒಂದು ಕಾಳಿನ ಪಲ್ಯ, ಒಂದು ಕಾಯಿಪಲ್ಯ ಇಲ್ಲವೇ ಸೊಪ್ಪು. ಆಮೇಲೆ ರೊಟ್ಟಿ. ರೊಟ್ಟಿಗೆ ಲೆಕ್ಕವಿಲ್ಲ. ಕೊನೆಗೆ ಒಂದು ಸಲ ಅನ್ನ, ಸಾರು, ಮಜ್ಜಿಗೆ. ಇದಿಷ್ಟು 90 ರೂಪಾಯಿ. ಚಪಾತಿ ಬೇಕು ಅಂದವರಿಗೆ ರೊಟ್ಟಿಯ ಬದಲು ಎರಡು ಚಪಾತಿ. ಅವಕ್ಕೆ ಲೆಕ್ಕ ಇದೆ.

ಶೇಂಗಾ ಚಟ್ನಿಯ ಮೇಲೆ ಮೊಸರು ಹಾಕಿ ಕಲೆಸಿಕೊಂಡು ಮೊದಲ ರೊಟ್ಟಿ ತಿನ್ನಿ. ಪಲ್ಯಕ್ಕೆ ಕೈ ಹಾಕಬೇಡಿ. ಇದು ನಾನು ಎಲ್ಲರಿಗೂ ಹೇಳುವ ಮಾತು. ಚಟ್ನಿ ಇಲ್ಲಿಯೇ ಕುಟ್ಟಿದ್ದು. ಶೇಂಗಾ ಹುರಿದು, ಬೆಳ್ಳುಳ್ಳಿ, ಜೀರಿಗೆ, ಬ್ಯಾಡಗಿ ಮೆಣಸಿನಪುಡಿ, ಉಪ್ಪು ಹಾಕಿ ಒರಳಿನಲ್ಲಿ ಕುಟ್ಟುತ್ತಾರೆ. ಮಿಕ್ಸಿಗೆ ಹಾಕಿದರೆ ಪುಡಿಯಾಗುತ್ತದೆ. ಕುಟ್ಟಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಮುದ್ದೆಯಾಗುತ್ತದೆ, ನಡುನಡುವೆ ಅರ್ಧ ಮುರಿದ ಬೀಜ ಹಲ್ಲಿಗೆ ಸಿಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಹಾಗಾಗಿ ಕೆಂಪು ನೋಡಿ ಹೆದರಬೇಕಾಗಿಲ್ಲ. ಗುರೆಳ್ಳು ಚಟ್ನಿಯ ಬಣ್ಣ ಕಪ್ಪು. ಹೊಸಬರು ಅದನ್ನು ತಟ್ಟೆಯ ಅಂಚಿಗೆ ತಳ್ಳುತ್ತಾರೆ. ತಿಪಟೂರಿನಲ್ಲಿ ನಾವು ಹುಚ್ಚೆಳ್ಳು ಅನ್ನುವ ಕಾಳು ಅದೇ. ಅದರ ಸ್ವಲ್ಪ ಕಹಿ ಒಗರು ಬಿಸಿ ರೊಟ್ಟಿಯ ಜೊತೆಗೆ ಬಹಳ ಚೆನ್ನಾಗಿ ಹೊಂದುತ್ತದೆ. ಚಟ್ನಿಯ ಮೇಲೆ ಕುಸುಬಿ ಎಣ್ಣೆ ಬೇಕು ಅಂದರೆ ಕೇಳಬೇಕು. ತಾವಾಗಿ ಹಾಕುವುದಿಲ್ಲ, ಆ ಎಣ್ಣೆ ಈಗ ತುಟ್ಟಿ. ಕೇಳಿದವರಿಗೆ ಮಾತ್ರ ಇಲ್ಲ ಅಂದದ್ದು ನಾನು ಕಂಡಿಲ್ಲ. ನಾನು ಓದುವ ವಿಷಯ ಸಸ್ಯಶಾಸ್ತ್ರ ಆದದ್ದರಿಂದ ಒಂದು ಮಾತು ಹೇಳದೆ ಇರಲಾರೆ. ಗುರೆಳ್ಳು, ಕುಸುಬಿ, ಹಕ್ಕರಕಿ ಮೂರೂ ಸೂರ್ಯಕಾಂತಿಯ ಕುಟುಂಬದವು. ಮೂರೂ ಒಂದೇ ತಟ್ಟೆಗೆ ಬಂದ ದಿನ ನನಗೆ ಊಟ ಎರಡು ಪಟ್ಟು ಖುಷಿ ಕೊಡುತ್ತದೆ.

ಅಡುಗೆಮನೆ ಬಾಗಿಲ ಪಕ್ಕದ ಟೇಬಲ್ಲೇ ಯಾಕೆ ಬೇಕು ಅಂತ ಈಗ ಹೇಳುತ್ತೇನೆ. ಅಲ್ಲಿ ಕೂತರೆ ರೊಟ್ಟಿ ಬಡಿಯುವುದು ಕಾಣುತ್ತದೆ. ಎರಡು ಒಲೆ, ಎರಡರ ಮೇಲೂ ಅಗಲವಾದ ಕಬ್ಬಿಣದ ಹಂಚು. ಒಂದರ ಮುಂದೆ ಖಾನಾವಳಿ ನಡೆಸುವ ಅಕ್ಕಾರು. ಇನ್ನೊಂದರ ಮುಂದೆ ಕೆಲಸಕ್ಕೆ ಬರುವ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರು ಬಡಿಯುತ್ತಾರೆ, ಇನ್ನೊಬ್ಬರು ಬೇಯಿಸುತ್ತಾರೆ. ಪಾತ್ರೆಯಲ್ಲಿ ಎಸರು ಕುದಿಯುತ್ತಿರುತ್ತದೆ. ಅದನ್ನು ಹಿಟ್ಟಿನ ನಡುವೆ ಸುರಿದು, ಮೊದಲು ಸೌಟಿನ ಹಿಂಬದಿಯಿಂದ ಕಲೆಸಿ, ಕೈ ತಾಳುವಷ್ಟು ಬಿಸಿಗೆ ಬಂದ ಮೇಲೆ ನಾದುತ್ತಾರೆ. ಎಲ್ಲ ಹಿಟ್ಟನ್ನೂ ಒಟ್ಟಿಗೆ ನಾದಿ ಇಡುವುದಿಲ್ಲ. ಎರಡು ರೊಟ್ಟಿಗೆ ಆಗುವಷ್ಟು ಎಳೆದುಕೊಂಡು, ಕೈಗೆ ನೀರು ಮಾಡಿಕೊಂಡು, ಮತ್ತೊಮ್ಮೆ ಅಂಗೈ ಬುಡದಿಂದ ಉಜ್ಜಿ ಉಜ್ಜಿ ನಾದುತ್ತಾರೆ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಕುದಿಯುವ ನೀರಿಗೆ ಹಿಟ್ಟಿನ ಪಿಷ್ಟ ಅರ್ಧ ಬೆಂದು ಅಂಟು ಬರುತ್ತದೆ. ಆ ಅಂಟೊಂದೇ ರೊಟ್ಟಿಯನ್ನು ಒಟ್ಟಿಗೆ ಹಿಡಿದಿಡುವುದು. ನಾದಿಟ್ಟ ಹಿಟ್ಟು ಆರಿದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಹಿಟ್ಟು ಹಳೆಯದಾದರೂ ಅಷ್ಟೇ, ಜಿಗಿ ಇರುವುದಿಲ್ಲ.

ಅದಕ್ಕೇ ಇವರ ಮನೆಯಲ್ಲಿ ಎರಡು ದಿನಕ್ಕೊಮ್ಮೆ ಜೋಳ ಗಿರಣಿಗೆ ಹೋಗುತ್ತದೆ. ಅಕ್ಕಾರ ಅತ್ತೆ, ಎಲ್ಲರೂ ಅಜ್ಜಿ ಅನ್ನುತ್ತಾರೆ, ಹಿತ್ತಲ ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಾರೆ. ಜೋಳ ಮಾಲ್ದಂಡಿ. ಹಿಂಗಾರಿಯಲ್ಲಿ ಬೆಳೆಯುವ ಬಿಳಿ ಜೋಳ, ಉತ್ತರ ಕರ್ನಾಟಕದಲ್ಲಿ ರೊಟ್ಟಿಗೆ ಅದನ್ನೇ ಮೇಲು ಅನ್ನುತ್ತಾರೆ. ಅದು ಇವರ ಸ್ವಂತ ಹೊಲದ್ದು, ನವಲಗುಂದ ತಾಲ್ಲೂಕಿನ ಎರೆ ಭೂಮಿಯಲ್ಲಿ ಬೆಳೆದದ್ದು.

ಬಡಿಯುವುದನ್ನು ಎಷ್ಟು ನೋಡಿದರೂ ನನಗೆ ಬೇಸರ ಬರುವುದಿಲ್ಲ. ಉಂಡೆಯನ್ನು ಒಣ ಹಿಟ್ಟಿನ ಮೇಲೆ ಇಟ್ಟು ಬಲಗೈ ಬಡಿಯುತ್ತದೆ, ಎಡಗೈ ಅಂಚು ತಿದ್ದುತ್ತದೆ. ಬಡಿತದ ಜೊತೆಗೇ ರೊಟ್ಟಿ ತಿರುಗುತ್ತಾ ಹೋಗುತ್ತದೆ, ಬೇರೆಯಾಗಿ ತಿರುಗಿಸುವುದಿಲ್ಲ. ತಟ್ಟೆಯಷ್ಟು ಅಗಲ ಆದ ಮೇಲೆ ಎರಡೂ ಕೈಯಲ್ಲಿ ಎತ್ತಿ, ಹಿಟ್ಟು ಹತ್ತಿದ ಬದಿ ಮೇಲೆ ಬರುವ ಹಾಗೆ ಹಂಚಿಗೆ ಹಾಕುತ್ತಾರೆ. ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರುತ್ತಾರೆ. ಆ ನೀರು ಆರುವುದಕ್ಕೂ ರೊಟ್ಟಿ ಮಗುಚುವುದಕ್ಕೂ ಸರಿಹೋಗಬೇಕು. ಮಗುಚಿ, ಬಟ್ಟೆಯಿಂದ ಅಲ್ಲಲ್ಲಿ ಒತ್ತಿದರೆ, ಒಂದು ಮೂಲೆಯಿಂದ ಉಬ್ಬಲು ಶುರುವಾಗಿ ಇಡೀ ರೊಟ್ಟಿ ಎದ್ದು ನಿಲ್ಲುತ್ತದೆ. ಆ ಸ್ಥಿತಿಯಲ್ಲೇ ನಿಮ್ಮ ತಟ್ಟೆಗೆ ಬರುತ್ತದೆ. ಮೇಲಿನ ತೆಳು ಪದರ ಮುರಿದರೆ ಒಳಗಿಂದ ಹಬೆ ಬಂದು ಬೆರಳು ಸುಡುತ್ತದೆ. ಮೇಲಿನ ಪದರ ಗರಿಗರಿ, ಕೆಳಗಿನದು ಮೆತ್ತಗೆ. ಸುಮ್ನೆ ತಿಂದರೂ ಜೋಳದ ಸಣ್ಣ ಸಿಹಿ ಗೊತ್ತಾಗುತ್ತದೆ. ಹೊರಗಿನ ಪಡಸಾಲೆಯಲ್ಲಿ ಕೂತವರಿಗೂ ಇದೇ ರೊಟ್ಟಿ ಬರುತ್ತದೆ, ಆದರೆ ನಾಲ್ಕು ಜನರ ಕೈ ದಾಟಿ ಬರುವಷ್ಟರಲ್ಲಿ ಉಬ್ಬು ಇಳಿದಿರುತ್ತದೆ.

ಪಲ್ಯಗಳಲ್ಲಿ ನನ್ನ ಮೆಚ್ಚಿನದು ಮಡಿಕೆಕಾಳು. ಮೊಳಕೆ ಬರಿಸಿ, ಜಾಸ್ತಿ ಬೇಯಿಸದೆ, ಕಾಳು ಕಾಳಾಗಿ ಇಟ್ಟಿರುತ್ತಾರೆ. ಹೆಸರುಕಾಳು, ಅಲಸಂದೆ, ಕಡಲೆಕಾಳು ಒಂದೊಂದು ದಿನ. ಪುಂಡಿಪಲ್ಯ ಬಂದ ದಿನ ಬಿಡಬೇಡಿ. ಹುಳಿ ಸೊಪ್ಪು, ಅದಕ್ಕೆ ಜೋಳದ ನುಚ್ಚು, ತೊಗರಿಬೇಳೆ ಹಾಕಿ ಕುದಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಎಣ್ಣೆಗಾಯಿ ಮಂಗಳವಾರ, ಶುಕ್ರವಾರ ಮಾತ್ರ. ಸಣ್ಣ ಬದನೆಕಾಯಿಯನ್ನು ತೊಟ್ಟು ಬಿಡದ ಹಾಗೆ ನಾಲ್ಕಾಗಿ ಸೀಳಿ, ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಹುಣಸೆಹಣ್ಣು, ಬೆಲ್ಲದ ಮಸಾಲೆ ತುಂಬುತ್ತಾರೆ. ಬಹಳ ಕಡೆ ಎಣ್ಣೆಗಾಯಿ ಅಂದರೆ ಎಣ್ಣೆ ತೇಲುವ ಗ್ರೇವಿಯಲ್ಲಿ ಬಿದ್ದ ಬದನೆಕಾಯಿ. ಇಲ್ಲಿ ಮಸಾಲೆ ಕಾಯಿಯೊಳಗೇ ಇರುತ್ತದೆ. ತೊಟ್ಟು ಹಿಡಿದು ಒತ್ತಿದರೆ ಕಾಯಿ ತಾನಾಗಿ ಬಿಡಿಸಿಕೊಳ್ಳುತ್ತದೆ. ಒಬ್ಬರಿಗೆ ಎರಡೇ ಕಾಯಿ. ಮೂರನೆಯದು ಕೇಳಿದರೆ "ಹಿಂದಿನವರಿಗೂ ಬೇಕಲ್ರೀ" ಅನ್ನುತ್ತಾರೆ. ನ್ಯಾಯವಾದ ಮಾತು.

ಚೆನ್ನಾಗಿಲ್ಲದ್ದನ್ನೂ ಹೇಳಬೇಕು. ಅನ್ನ ಬರೀ ಸಾಧಾರಣ. ದಪ್ಪ ಅಕ್ಕಿ, ಕೆಲವು ದಿನ ಮುದ್ದೆಯಾಗಿರುತ್ತದೆ. ಸಾರು ನನ್ನ ನಾಲಿಗೆಗೆ ತೆಳು, ಬೇಳೆ ಹುಡುಕಬೇಕು. ಅನ್ನಕ್ಕೇ ಅಂತ ಬರುವವರು ಇಲ್ಲಿಗೆ ಬರಬೇಡಿ. ಎಲೆಕೋಸಿನ ಪಲ್ಯ ಮಾಡಿದ ದಿನ ಅದು ನೀರು ನೀರು. ಬೇಸಿಗೆಯಲ್ಲಿ, ಮುಖ್ಯವಾಗಿ ಏಪ್ರಿಲ್‌ನಲ್ಲಿ, ಒಳಗಿನ ಕೋಣೆಯಲ್ಲಿ ಒಲೆಯ ಕಾವು ಹೊಡೆಯುತ್ತದೆ. ಒಂದೇ ಫ್ಯಾನು. ಕೈ ತೊಳೆಯುವ ನಲ್ಲಿ ಹಿತ್ತಲಲ್ಲಿದೆ, ಮಳೆಗಾಲದಲ್ಲಿ ಆ ಕಲ್ಲು ಜಾರುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋದರೆ ಕೈ ಹಿಡಿದುಕೊಳ್ಳಿ. ಕಾರು ನಿಲ್ಲಿಸಲು ಜಾಗವೇ ಇಲ್ಲ. ಬೈಕು ಕೂಡ ಪಕ್ಕದ ಮನೆಯ ಗೇಟು ಬಿಟ್ಟು ನಿಲ್ಲಿಸಬೇಕು. ಅಕ್ಕಾರು ಬೈಯುವುದು ಆ ಒಂದು ವಿಷಯಕ್ಕೆ ಮಾತ್ರ.

ರಾತ್ರಿ ಊಟ ಮಧ್ಯಾಹ್ನದಷ್ಟು ಚೆನ್ನಾಗಿರುವುದಿಲ್ಲ. ರೊಟ್ಟಿ ಮಧ್ಯಾಹ್ನ ಬಡಿದದ್ದು, ಬಟ್ಟೆಯಲ್ಲಿ ಸುತ್ತಿಟ್ಟದ್ದು. ಚಪಾತಿ ಬಿಸಿ ಇರುತ್ತದೆ, ಆದರೆ ಬೇಗ ಬಿರುಸಾಗುತ್ತದೆ. ರಾತ್ರಿ ಹೋಗುವುದಾದರೆ ಝುಣಕ ಇದೆಯಾ ಅಂತ ಕೇಳಿ. ಕಡಲೆಹಿಟ್ಟಿನ ಝುಣಕಕ್ಕೆ ಆ ತಣ್ಣನೆ ರೊಟ್ಟಿಯೇ ಸರಿ. ಜುಲೈ, ಆಗಸ್ಟ್‌ನಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿದಾಗ ರಾತ್ರಿ ಝುಣಕ, ರೊಟ್ಟಿ, ಹಸಿ ಉಳ್ಳಾಗಡ್ಡಿ ಉಂಡು ಬಂದು ಮಲಗುವುದು ನನಗೆ ಬಹಳ ಇಷ್ಟ.

ಇದೇ ಭಾಗದಲ್ಲಿ ದೊಡ್ಡ ಮೆನು ಇರುವ ಹೋಟೆಲ್ಲುಗಳೂ ಇವೆ. ಗೋಬಿ, ನೂಡಲ್ಸ್, ಪನ್ನೀರ್, ನಾರ್ತ್ ಇಂಡಿಯನ್ ಎಲ್ಲ ಸಿಗುತ್ತದೆ, ಜೊತೆಗೆ ರೊಟ್ಟಿ ಊಟವೂ ಇರುತ್ತದೆ. ಅಂಥ ಒಂದು ಕಡೆ 160 ರೂಪಾಯಿ ಕೊಟ್ಟು ಉಂಡಿದ್ದೇನೆ. ರೊಟ್ಟಿ ಹಾಟ್‌ಬಾಕ್ಸಿನಿಂದ ಬಂತು, ಬೆವರಿ ಒದ್ದೆಯಾಗಿತ್ತು. ಎಲ್ಲವನ್ನೂ ಮಾಡುವ ಅಡುಗೆಮನೆಗೆ ರೊಟ್ಟಿಯ ಮುಂದೆ ಕೂರುವ ಪುರುಸೊತ್ತು ಎಲ್ಲಿಂದ ಬರಬೇಕು? ಅಕ್ಕಾರ ಖಾನಾವಳಿಯಲ್ಲಿ ದಿನಕ್ಕೆ ಎರಡು ಪಲ್ಯ, ಅಷ್ಟೇ. ಮೆನು ಕಾರ್ಡು ಇಲ್ಲ. ಇವತ್ತು ಏನು ಅಂತ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಅಣ್ಣಾರು, ಅಂದರೆ ಅಕ್ಕಾರ ಗಂಡ, ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ.

90 ರೂಪಾಯಿಗೆ ಇದು ಹೇಗೆ ಗಿಟ್ಟುತ್ತದೆ ಅಂತ ಅಣ್ಣಾರನ್ನೇ ಕೇಳಿದ್ದೆ. ಮನೆ ಸ್ವಂತದ್ದು, ಬಾಡಿಗೆ ಇಲ್ಲ. ಜೋಳ, ಕಡಲೆ ಹೊಲದಿಂದ ಬರುತ್ತವೆ. ತರಕಾರಿಯನ್ನು ಯಾವುದು ಅಗ್ಗವೋ ಅದನ್ನು ನೋಡಿ ತರುತ್ತಾರೆ, ಪಲ್ಯ ಏನು ಅನ್ನುವುದು ಅದರ ಮೇಲೆ ನಿರ್ಧಾರ. ಎರಡೇ ಪಲ್ಯ ಆದದ್ದರಿಂದ ಮಿಕ್ಕು ಚೆಲ್ಲುವುದು ಬಹಳ ಕಡಿಮೆ. ದೊಡ್ಡ ಖರ್ಚು ಗ್ಯಾಸ್. ರೊಟ್ಟಿಯ ಒಲೆ ಮೂರು ಗಂಟೆ ಹೊತ್ತು ಆರುವ ಹಾಗೇ ಇಲ್ಲ. 19 ಕೆಜಿಯ ಸಿಲಿಂಡರ್ ರೇಟು ಏರಿದ ತಿಂಗಳು ಅಣ್ಣಾರ ಮುಖದಲ್ಲೇ ಗೊತ್ತಾಗುತ್ತದೆ. ಕೆಲಸಕ್ಕೆ ಬರುವ ಇಬ್ಬರಿಗೆ ಸಂಬಳ. ಉಳಿದ ಕೆಲಸ ಎಲ್ಲ ಮನೆಯವರದೇ. ಮಗ ಡಿಗ್ರಿ ಓದುತ್ತಿದ್ದಾನೆ, ರಾತ್ರಿ ಹೊತ್ತು ಅವನೇ ಬಡಿಸುತ್ತಾನೆ.

ಇಲ್ಲಿ ನನ್ನ ಅಭಿಪ್ರಾಯ ಒಂದಿದೆ. ರೊಟ್ಟಿ ಬಡಿಯುವ ಆ ಇಬ್ಬರು ಉಣ್ಣಲು ಕೂರುವುದು ಮಧ್ಯಾಹ್ನ ಮೂರೂವರೆಗೆ. ಅಲ್ಲಿಯವರೆಗೆ ಒಲೆಯ ಮುಂದೆ. ಅವರ ಸಂಬಳ ಹೆಚ್ಚಿಸಲು ಊಟಕ್ಕೆ ಇನ್ನು ಹತ್ತು ರೂಪಾಯಿ ಜಾಸ್ತಿ ಮಾಡಿದರೆ ನಾನು ಸಂತೋಷದಿಂದ ಕೊಡುತ್ತೇನೆ. ಇದನ್ನು ಅಕ್ಕಾರಿಗೂ ಹೇಳಿದ್ದೇನೆ. "ನೀ ಕೊಡ್ತೀಯವಾ, ಆದರ ಎಲ್ಲಾರ ಕಡೆ ಹತ್ತು ರೂಪಾಯಿ ಇರೂದಿಲ್ಲ" ಅಂದರು. ಅದೂ ನಿಜ. ಈ ಪಡಸಾಲೆಯಲ್ಲಿ ಉಣ್ಣುವ ಹುಡುಗರಲ್ಲಿ ಬಹಳ ಮಂದಿಯ ತಂದೆ ತಾಯಿ ಕೂಲಿ ಮಾಡುವವರು. ತಿಂಗಳಿಗೆ ಇಷ್ಟೇ ಅಂತ ಎಣಿಸಿ ಕಳಿಸುತ್ತಾರೆ. ಆದರೂ ನನ್ನ ಮಾತನ್ನು ಬಿಟ್ಟುಕೊಡುವುದಿಲ್ಲ. ದಿನಗೂಲಿಯವರ ಮಕ್ಕಳ ಊಟ ಅಗ್ಗವಾಗಲು ಇನ್ನೊಬ್ಬ ದಿನಗೂಲಿಯವಳು ಕಡಿಮೆ ಸಂಬಳಕ್ಕೆ ದುಡಿಯಬೇಕಾಗಬಾರದು. ಸಂಬಳ ಇರುವ ನಮ್ಮಂಥವರಿಗೆ, ಹೊರಗಿನಿಂದ ಬಂದವರಿಗೆ 100 ರೂಪಾಯಿ ಮಾಡಬಹುದು ಅಲ್ವಾ?

ತಿಂಗಳ ಊಟ ಹಾಕಿಸಿಕೊಂಡರೆ ಇನ್ನೂ ಕಡಿಮೆ. ಎರಡು ಹೊತ್ತಿಗೆ ತಿಂಗಳಿಗೆ 3,600 ರೂಪಾಯಿ. ಭಾನುವಾರ ರಾತ್ರಿ ರಜೆ. ಲೆಕ್ಕ ಹಾಕಿದರೆ ಒಂದು ಊಟಕ್ಕೆ 65 ರೂಪಾಯಿ ಕೂಡ ಬೀಳುವುದಿಲ್ಲ. ಒಬ್ಬೊಬ್ಬರಿಗೆ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ. ಉಂಡ ಮೇಲೆ ನಾವೇ ಗುರುತು ಹಾಕಬೇಕು, ಯಾರೂ ನಿಂತು ನೋಡುವುದಿಲ್ಲ. ಊರಿಗೆ ಹೋಗುವುದಾದರೆ ಹಿಂದಿನ ದಿನ ಹೇಳಬೇಕು. ಮೂರು ದಿನಕ್ಕಿಂತ ಜಾಸ್ತಿ ಇಲ್ಲದಿದ್ದರೆ ಆ ದುಡ್ಡು ಮುಂದಿನ ತಿಂಗಳಿಗೆ ಕಳೆಯುತ್ತಾರೆ. ನನ್ನ ಪಕ್ಕದ ರೂಮಿನ ಹುಡುಗಿಗೆ, ಕೊಪ್ಪಳ ಜಿಲ್ಲೆಯವಳು, ಒಮ್ಮೆ ಮನೆಯಿಂದ ದುಡ್ಡು ಬರುವುದು ಎರಡು ತಿಂಗಳು ತಡವಾಯಿತು. ಅವಳು ನಾಚಿಕೆಯಿಂದ ಊಟಕ್ಕೆ ಹೋಗುವುದನ್ನೇ ಬಿಟ್ಟಳು. ಮೂರನೇ ದಿನ ಅಕ್ಕಾರು ನನ್ನನ್ನು ಕರೆದು ಕೇಳಿದರು. "ಆ ಹುಡುಗಿ ಎಲ್ಲಿ? ಆರಾಮ ಐತೇನು?" ವಿಷಯ ಹೇಳಿದೆ. "ರೊಕ್ಕ ಬಂದ ಮ್ಯಾಲ ಕೊಡಾಕ ಹೇಳು. ಉಪಾಸ ಕುಂತು ಏನ್ ಓದತೈತಿ ಆ ಕೂಸು?" ಅಂದರು. ಅವಳ ಪುಟದಲ್ಲಿ ಆ ಎರಡು ತಿಂಗಳ ಬಾಕಿಯನ್ನು ಬಿಡಿಸಿ ಬರೆದಿಟ್ಟರು. ಲೆಕ್ಕದಿಂದ ತೆಗೆದು ಹಾಕಲಿಲ್ಲ, ಕೇಳಲೂ ಇಲ್ಲ. ದುಡ್ಡು ಬಂದ ಮೇಲೆ ಅವಳು ಪೂರ್ತಿ ತೀರಿಸಿದಳು. ಅವಳಿಗೆ ಅದರಿಂದ ಮರ್ಯಾದೆ ಉಳಿಯಿತು. ಪುಕ್ಕಟೆ ಉಣ್ಣಿಸಿದ್ದರೆ ಅವಳು ಮತ್ತೆ ಆ ಕಡೆ ಹೋಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೊಂದು ವಿಷಯ. ಎಷ್ಟೋ ಖಾನಾವಳಿಗಳಲ್ಲಿ ಮಧ್ಯಾಹ್ನ ಪೂರ್ತಿ ಗಂಡಸರೇ ಇರುತ್ತಾರೆ. ಒಬ್ಬಳೇ ಹೋದರೆ ಎಲ್ಲರೂ ತಿರುಗಿ ನೋಡುತ್ತಾರೆ. ಇಲ್ಲಿ ಹಾಗಿಲ್ಲ. ಒಳಗಿನ ಕೋಣೆಯ ಮೂರು ಟೇಬಲ್ಲುಗಳನ್ನು ಅಕ್ಕಾರು ಮೊದಲು ಹುಡುಗಿಯರಿಗೇ ಕೊಡುತ್ತಾರೆ. ಅಡುಗೆಮನೆಯಲ್ಲಿ ಮೂವರು ಹೆಂಗಸರು, ಬಾಗಿಲಲ್ಲಿ ಅಜ್ಜಿ. ರಾತ್ರಿ ಎಂಟೂವರೆಗೆ ಒಬ್ಬಳೇ ಹೋಗಿ ಉಂಡು ಬಂದಾಗಲೂ ನನಗೆ ಒಮ್ಮೆಯೂ ಇರಿಸುಮುರಿಸು ಆಗಿಲ್ಲ. ಊಟ ಕಡಿಮೆ ಮಾಡಿದರೆ ಮಾತ್ರ ಬೈಗುಳ ಖಂಡಿತ. ಒಂದು ದಿನ ಒಂದೇ ರೊಟ್ಟಿಗೆ ಸಾಕು ಅಂದೆ. "ಏನ್ ಸಾಕವಾ? ಒಂದ ರೊಟ್ಟಿ ಉಂಡು ಸಂಜೀತನಕ ಲ್ಯಾಬಿನ್ಯಾಗ ನಿಂದರಾಕ ಆಕ್ಕೈತೇನು? ಅರ್ಧ ತಗೋ" ಅಂತ ಅರ್ಧ ಮುರಿದು ಹಾಕಿದರು. ಉಳಿದ ಅರ್ಧ ಎದುರಿಗೆ ಕೂತಿದ್ದ ಹುಡುಗಿಯ ತಟ್ಟೆಗೆ ಹೋಯಿತು. ಅವಳನ್ನು ಕೇಳಲೂ ಇಲ್ಲ.

ಭಾನುವಾರ ಮಧ್ಯಾಹ್ನ ವಿಶೇಷ ಊಟ, 120 ರೂಪಾಯಿ. ಒಂದು ವಾರ ಗೋಧಿ ಹುಗ್ಗಿ, ಇನ್ನೊಂದು ವಾರ ಹೋಳಿಗೆ, ಕಟ್ಟಿನ ಸಾರು. ಮಾದಲಿ ಅಪರೂಪಕ್ಕೆ. ಆ ಹೋಳಿಗೆ ಊಟದ ಕಟ್ಟಿನ ಸಾರು ಮಾತ್ರ ಅದ್ಭುತ. ದಿನದ ತೆಳು ಸಾರು ಮಾಡುವ ಅದೇ ಕೈ ಇದನ್ನು ಮಾಡುತ್ತದೆಯಾ ಅಂತ ಆಶ್ಚರ್ಯ ಆಗುತ್ತದೆ. ಬೆಲ್ಲ, ಹುಣಸೆ, ಮಸಾಲೆ ಮೂರೂ ಸಮನಾಗಿ ನಿಂತಿರುತ್ತವೆ. ಹುಗ್ಗಿಗೆ ಹಾಲು, ತುಪ್ಪ ಬೇರೆಯಾಗಿ ಬಡಿಸುತ್ತಾರೆ. ಭಾನುವಾರ 12 ಗಂಟೆಗೇ ಹೋಗಿ. ಒಂದೂವರೆಗೆ ಹೋಳಿಗೆ ಮುಗಿದಿರುತ್ತದೆ.

ಎಳ್ಳು ಅಮಾವಾಸ್ಯೆಯ ದಿನ ಬಾಗಿಲು ಹಾಕಿರುತ್ತದೆ. ಮನೆಯವರೆಲ್ಲ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ನೈವೇದ್ಯ ಅಂತ ಅಡುಗೆಯನ್ನು ಬೆಳೆಯ ಮೇಲೆ ಎರಚಲು, ನವಲಗುಂದದ ಹೊಲಕ್ಕೆ ಹೋಗುತ್ತಾರೆ. ಊರಿಗೆ ಹೋಗದೆ ಉಳಿದ ತಿಂಗಳ ಊಟದವರನ್ನೂ ಕರೆಯುತ್ತಾರೆ. ನಾನೂ ಹೋಗಿದ್ದೇನೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಕಾಳುಗಳ ಪಲ್ಯ, ಹೊಲದಲ್ಲೇ ಕೂತು ಊಟ. ಸುತ್ತ ಮಾಲ್ದಂಡಿ ಜೋಳ ಆಳೆತ್ತರ ನಿಂತಿತ್ತು, ಇನ್ನೂ ತೆನೆ ಹಾಲುಗಾಳು. ಹಿಂಗಾರಿ ಜೋಳ ಮಳೆ ನಿಂತ ಮೇಲೆ ಎರೆ ಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆಯುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ. ಅಲ್ಲಿ ಅಜ್ಜಿ ಒಂದು ಗೇಣು ಮಣ್ಣು ಕೆದರಿ ಒಳಗಿನ ತಂಪನ್ನು ನನ್ನ ಕೈಯಿಂದ ಮುಟ್ಟಿಸಿ ತೋರಿಸಿದರು. ಮೇಲೆ ನೆಲ ಬಿರುಕು ಬಿಟ್ಟಿತ್ತು, ಒಳಗೆ ಬೆರಳಿಗೆ ಹಸಿ ಹತ್ತಿತು.

ಊಟದ ಸಮಯ ಮಧ್ಯಾಹ್ನ 12ರಿಂದ 3, ರಾತ್ರಿ 7.30ರಿಂದ 9.30. ಫೋನ್‌ಪೇ, ಗೂಗಲ್ ಪೇ ನಡೆಯುತ್ತದೆ, ಕಾರ್ಡು ನಡೆಯುವುದಿಲ್ಲ. ಮನೆಗೆ ತಂದುಕೊಡುವ ಆ್ಯಪ್‌ಗಳಲ್ಲಿ ಇವರು ಇಲ್ಲ. ಇರಬೇಕಾಗಿಯೂ ಇಲ್ಲ, ಈ ರೊಟ್ಟಿ ಡಬ್ಬಿಯಲ್ಲಿ ಬರುವ ವಸ್ತುವಲ್ಲ. ಊರಿಗೆ ಒಯ್ಯುವುದಾದರೆ ಕಡಕ್ ರೊಟ್ಟಿ ಹೇಳಿ. ತೆಳುವಾಗಿ ಬಡಿದು, ಬೇಯಿಸಿ, ಹಂಚಿನ ಪಕ್ಕ ಆನಿಸಿ ಒಣಗಿಸಿ ಕೊಡುತ್ತಾರೆ. ಒಂದಕ್ಕೆ 8 ರೂಪಾಯಿ. ಶೇಂಗಾ ಚಟ್ನಿ ಕಾಲು ಕೆಜಿಗೆ 90, ಗುರೆಳ್ಳು ಚಟ್ನಿ 100. ಎರಡು ದಿನ ಮೊದಲು ಹೇಳಬೇಕು, ಶನಿವಾರ ಹೇಳಿದರೆ ಆಗುವುದಿಲ್ಲ, ಭಾನುವಾರದ ಹೋಳಿಗೆಗೆ ಒಲೆ ಬೇಕು. ರೊಟ್ಟಿಯನ್ನು ಬ್ಯಾಗಿನಲ್ಲಿ ನಿಲ್ಲಿಸಿ ಇಡಬೇಡಿ, ರೈಲಿನ ಅಲುಗಾಟಕ್ಕೆ ಪುಡಿಯಾಗುತ್ತದೆ. ಅಗಲ ಪಾತ್ರೆಯಲ್ಲಿ ಮಲಗಿಸಿ, ಮೇಲೆ ಬಟ್ಟೆ ಮುಚ್ಚಿ ಒಯ್ಯಿರಿ. ತಿಪಟೂರಿನ ನಮ್ಮ ಮನೆಗೆ ನಾನು ಒಯ್ಯುವುದು ಹಾಗೆಯೇ, ಅಲ್ಲಿ ಅವು ಒಂದು ವಾರಕ್ಕಿಂತ ಜಾಸ್ತಿ ಉಳಿಯುವುದಿಲ್ಲ.